ಚುಕ್ಕಿ ಆಸ್ಪತ್ರೆಯ ಹಳೇ ಡಾಕ್ಟರು

"ಈಗ ಏನು ಮಾಡಾಕತ್ತಾಳ?" ಅಜ್ಜಿ ಮೊಣಕೈಯಿಂದ ಸ್ವಪ್ನಾಳನ್ನು ತಿವಿದಳು.

ಟಿವಿಯಲ್ಲಿ ಡಾಕ್ಟರ್ ಇರಾವತಿ ಈರುಳ್ಳಿ ಹೆಚ್ಚುತ್ತಿದ್ದಳು. ಬಿಳಿ ಕೋಟು ಹಾಕಿಕೊಂಡೇ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಸಾರಿಗೆ ಉಪ್ಪು ಯಾರು ಹಾಕಿದ್ದು ಅಂತ ಜಗಳ ತೆಗೆದಿದ್ದಳು. ಇದು ನೂರು ವರ್ಷ ಮುಂದಿನ ಕಾಲದ ಆಸ್ಪತ್ರೆ, ಅದೂ ಆಕಾಶದಲ್ಲಿ ತೇಲುವ ಆಸ್ಪತ್ರೆ. ಅಲ್ಲಿಗೆ ಈ ಅತ್ತೆ ಯಾವ ರಾಕೆಟ್ಟು ಹತ್ತಿ ಬಂದಳು ಅಂತ ಸೀರಿಯಲ್ಲಿನವರು ಹೇಳಿರಲಿಲ್ಲ.

ಸ್ವಪ್ನಾ ತುಟಿ ಕಚ್ಚಿದಳು. ಆಮೇಲೆ ಅಜ್ಜಿಯ ಕಿವಿಯ ಹತ್ತಿರ ಬಾಯಿ ತಂದು, "ಸಾಸಿವಿ ಕಾಳಿನಷ್ಟು ಸಣ್ಣಾಕಿ ಆಗ್ಯಾಳಜ್ಜಿ. ಒಬ್ಬ ಹುಡುಗನ ರಕ್ತದಾಗ ಇಳದು ಎದಿ ಕಡಿಗೆ ಹೊಂಟಾಳ," ಅಂದಳು.

"ಅಯ್ಯೋ ಶಿವನೇ. ಒಬ್ಬಾಕೀನಾ?"

"ಬಟನ್ ಅದಾನ ಜೊತಿಗೆ."

ಬಟನ್ ಅಂದರೆ ಇರಾವತಿಯ ಕಂಪೌಂಡರ್ ರೋಬೋ. ಅವನು ಜೊತೆಗಿದ್ದಾನೆ ಅಂತ ಗೊತ್ತಾದ ಮೇಲೆ ಅಜ್ಜಿಗೆ ಸಮಾಧಾನವಾಯಿತು. ಕಾಲು ನೀಡಿ ಗೋಡೆಗೆ ಒರಗಿ, ಕಾಣದ ಟಿವಿಯ ಕಡೆಗೆ ಮುಖ ಮಾಡಿ ಕೂತಳು.

ಅವರ ಬೆನ್ನ ಹಿಂದೆ ಎರಡು ಹೊಲಿಗೆ ಮಿಷನ್ನುಗಳು ಗರ್ರೆನ್ನುತ್ತಿದ್ದವು. ಒಂದರ ಮೇಲೆ ಅಪ್ಪ ಎರ್ರಿಸ್ವಾಮಿ, ಇನ್ನೊಂದರ ಮೇಲೆ ಅಮ್ಮ ಚಂದ್ರಕಲಾ. ಆಂಧ್ರದ ಗಡಿಯ ರಾಯದುರ್ಗದ ಆ ಓಣಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯದ ಮನೆ ಇದ್ದರೆ ತೋರಿಸಿ ನೋಡೋಣ. ಜೀನ್ಸ್ ಬಟ್ಟೆ ದಪ್ಪ, ಅದನ್ನು ಹೊಲಿಯುವ ಮಿಷನ್ನಿನ ಗಂಟಲೂ ದಪ್ಪ. ಅವು ಓಡುತ್ತಿರುವಾಗ ಟಿವಿಯ ಸೌಂಡು ಎಷ್ಟು ಏರಿಸಿದರೂ ಒಂದೇ, ಇಳಿಸಿದರೂ ಒಂದೇ. ಟಿವಿಯ ಬುಡದಲ್ಲಿ ಕೂತ ಸ್ವಪ್ನಾಳಿಗೇ ಅರ್ಧ ಮಾತು ಕೇಳಿಸುತ್ತಿತ್ತು.

ಇನ್ನು ಅಜ್ಜಿ ದ್ರಾಕ್ಷಾಯಣಮ್ಮನ ಕಣ್ಣಿನ ಕತೆ. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಟಿವಿಯಲ್ಲಿ ಬೆಳ್ಳಗೆ ಕಂಡರೆ ಡಾಕ್ಟರು, ನೀಲಿ ಕಂಡರೆ ರೋಬೋ, ಅಷ್ಟೇ ಅವಳ ಲೆಕ್ಕ. ಮಾತೂ ಇಲ್ಲ, ಮುಖವೂ ಇಲ್ಲ. ಹಾಗಾಗಿ 'ಚುಕ್ಕಿ ಆಸ್ಪತ್ರೆ' ಅನ್ನುವ ಸೀರಿಯಲ್ಲು ಅಜ್ಜಿಯನ್ನು ಮುಟ್ಟಬೇಕಾದರೆ ಸ್ವಪ್ನಾಳ ಬಾಯಿಯಿಂದಲೇ ಮುಟ್ಟಬೇಕು.

ಮೊದಮೊದಲು ಇದರಲ್ಲಿ ಸುಳ್ಳೇನೂ ಇರಲಿಲ್ಲ. ಸೀರಿಯಲ್ಲು ಶುರುವಾದ ಹೊಸದರಲ್ಲಿ ಇಡೀ ಓಣಿ ಏಳೂವರೆಗೆ ಟಿವಿ ಮುಂದೆ ಇರುತ್ತಿತ್ತು. ಸ್ಕೂಲಿನಲ್ಲಿ ಐದನೇ ಕ್ಲಾಸಿನವರದು ಬೇವಿನ ಮರದ ಕೆಳಗೆ ಅದೇ ಆಟ. ತಿಪ್ಪೇಶ ಯಾವಾಗಲೂ ಪೇಷಂಟ್ ಆಗುತ್ತಿದ್ದ, ಯಾಕೆಂದರೆ ಅವನಿಗೆ ಮಲಗುವುದೆಂದರೆ ಇಷ್ಟ. ಉಷಾ ಚಾಕ್‌ಪೀಸಿನಿಂದ ಅವನ ಎದೆ ಮೇಲೆ ಗೆರೆ ಎಳೆದು ಆಪರೇಶನ್ ಮಾಡುತ್ತಿದ್ದಳು. ಡಾಕ್ಟರ್ ಇರಾವತಿ ಕೂದಲನ್ನು ಗಂಟು ಕಟ್ಟಿ ಪೆನ್ನು ಚುಚ್ಚಿಕೊಳ್ಳುತ್ತಿದ್ದಳಲ್ಲ, ಕ್ಲಾಸಿನ ಹುಡುಗಿಯರೆಲ್ಲ ಹಾಗೇ ಪೆನ್ನು ಚುಚ್ಚಿಕೊಂಡು ಟೀಚರಿಂದ ಬೈಸಿಕೊಂಡಿದ್ದರು.

ದಸರಾಕ್ಕೆ ಮುಂಚೆ ಒಂದು ಸಂಜೆ ಟಿವಿಯ ಕೆಳಗಡೆ ಒಂದು ಸಾಲು ಓಡಿತು. ಇನ್ನು ಮುಂದೆ ಇರಾವತಿಯ ಪಾತ್ರ ಬೇರೆಯವರು ಮಾಡುತ್ತಾರೆ ಅಂತ. ಅದರ ಹಿಂದೆಯೇ ಹೊಸ ಇರಾವತಿ ಬಂದಳು. ಉದ್ದಕ್ಕಿದ್ದಳು, ಚೆಂದಕ್ಕೂ ಇದ್ದಳು, ಆದರೆ ರೋಗಿಯ ಕೈ ಹಿಡಿದಾಗ ರೋಗಿಯನ್ನು ನೋಡದೆ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಹದಿನೈದು ದಿನಕ್ಕೆ ಆಸ್ಪತ್ರೆಯ ದೊಡ್ಡ ಡಾಕ್ಟರಾಗಿದ್ದ ತಾತನೂ ಹೋದ. ಆಮೇಲೆ ಬಟನ್‌ನ ಒಳಗೆ ಕೂತು ಕುಣಿಯುತ್ತಿದ್ದವನೂ ಬಿಟ್ಟುಹೋದ ಅಂತ ಕಾಣುತ್ತದೆ, ಬಟನ್ ಚಕ್ರದ ಮೇಲಿನ ಡಬ್ಬ ಆಗಿಬಿಟ್ಟ. ಕಡೆಗೆ ರೋಗಿಗಳು ಹೋಗಿ ಅತ್ತೆ ಬಂದಳು. ಟೈಮನ್ನೂ ಏಳೂವರೆಯಿಂದ ಆರಕ್ಕೆ ತಳ್ಳಿದರು. ಓಣಿಯವರು ಒಬ್ಬೊಬ್ಬರಾಗಿ ಬೇರೆ ಚಾನೆಲ್ಲಿಗೆ ಹೋದರು, ಬೇವಿನ ಮರದ ಕೆಳಗೆ ಕಬಡ್ಡಿ ಶುರುವಾಯಿತು.

ಅಜ್ಜಿಗೆ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ.

ಯಾಕೆ ಗೊತ್ತಿರಲಿಲ್ಲ ಅಂದರೆ, ಹೊಸ ಇರಾವತಿ ಬಂದ ದಿನವೇ ಮನೆಯಲ್ಲಿ ಇನ್ನೊಂದು ನಡೆದಿತ್ತು. ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿ ಕತ್ತರಿಸುವುದು ಅಜ್ಜಿಯ ಕೆಲಸ. ಬೆರಳಿನಿಂದ ತಡವಿ ತಡವಿ, ಪುಟ್ಟ ಕತ್ತರಿಯಿಂದ ಕಚ್ ಅನ್ನಿಸುತ್ತಿದ್ದಳು. ಆ ದಿನ ದಾರದ ಜೊತೆಗೆ ಒಂದು ಜೇಬನ್ನೂ ಕಚ್ ಅನ್ನಿಸಿಬಿಟ್ಟಳು. ಅಮ್ಮ ಬೈಯಲಿಲ್ಲ. "ಬಿಡಿ ಅತ್ತೆ, ಇನ್ಮೇಲೆ ನಾನೇ ಮಾಡ್ಕೊತೀನಿ," ಅಂತ ಮೆತ್ತಗೆ ಕತ್ತರಿ ಎತ್ತಿಟ್ಟಳು. ಅಮ್ಮ ಮಡಕಶಿರದ ಕಡೆಯವಳು, ಅವಳ ಮಾತೇ ಮೆತ್ತಗೆ. ಆದರೂ ಅಜ್ಜಿ ಇಡೀ ದಿನ ಖಾಲಿ ಕೈ ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಸಂಜೆ ಅವಳು ಕೇಳಿದ್ದು ಒಂದೇ ಮಾತು, ನಮ್ಮಾಕಿ ಬಂದ್ಲಾ ಅಂತ. ಸ್ವಪ್ನಾ ಟಿವಿಯ ಕೆಳಗೆ ಓಡುವ ಸಾಲು ನೋಡಿದಳು, ಅಜ್ಜಿಯ ಕೈ ನೋಡಿದಳು. "ಬಂದ್ಲಜ್ಜಿ," ಅಂದುಬಿಟ್ಟಳು.

ಹಾಗೆ ಶುರುವಾಗಿದ್ದು ಎರಡು ತಿಂಗಳು ಓಡಿತು. ಟಿವಿಯಲ್ಲಿ ಸಾರು ಕುದಿಯುತ್ತಿದ್ದರೆ ಸ್ವಪ್ನಾಳ ಆಸ್ಪತ್ರೆಯಲ್ಲಿ ಶ್ವಾಸಕೋಶದೊಳಗೆ ಬಿರುಗಾಳಿ ಏಳುತ್ತಿತ್ತು. ಕ್ಲಾಸಿನಲ್ಲಿ ಹೃದಯದ ಪಾಠ ಬಂದಾಗ ಅವಳು ಕೇಳಿದ ಪ್ರಶ್ನೆಗಳಿಗೆ ಟೀಚರೇ ಪುಸ್ತಕ ತಿರುವಿ ಹಾಕಬೇಕಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಅದರಲ್ಲಿ ಖುಷಿ ಇತ್ತು.

ಖುಷಿ ಕೆಟ್ಟಿದ್ದು ಕಣ್ಣಿನ ಕ್ಯಾಂಪಿನಿಂದ. ಕ್ಯಾಂಪಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು, ಬಳ್ಳಾರಿಗೆ ಬನ್ನಿ ಅಂತ ತೆಲುಗಿನಲ್ಲಿ ಹೇಳಿ ಚೀಟಿ ಬರೆದುಕೊಟ್ಟರು. ಅಜ್ಜಿ ಒಪ್ಪಲಿಲ್ಲ. ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವ ಭಯ ಒಂದು. ಅದಕ್ಕಿಂತ ದೊಡ್ಡದು ವಿಭೂತಿಯ ಚಿಂತೆ. ಕಣ್ಣಿಗೆ ಬೂದಿಯ ಪುಡಿ ಬೀಳಬಾರದು, ಅದಕ್ಕೆ ಕೆಲವು ದಿನ ಹಣೆಗೆ ವಿಭೂತಿ ಹಚ್ಚಬಾರದು ಅಂತ ಅವರು ಹೇಳಿದ್ದರು. ಅಜ್ಜಿ ಹುಟ್ಟಿದಂದಿನಿಂದ ಒಂದು ದಿನವೂ ಬರಿ ಹಣೆಯಲ್ಲಿ ಇದ್ದವಳಲ್ಲ. ಅಪ್ಪ ಕೈ ಮುಗಿದು ಕೇಳಿಕೊಂಡರೂ ಆಗಲ್ಲ ಅಂದರೆ ಆಗಲ್ಲ ಅಂದಳು.

ಆ ಸಂಜೆ ಚುಕ್ಕಿ ಆಸ್ಪತ್ರೆಗೆ ಒಬ್ಬ ಮುದುಕಿ ಬಂದಳು. ಟಿವಿಯಲ್ಲಿ ಅಲ್ಲ, ಸ್ವಪ್ನಾಳ ಬಾಯಲ್ಲಿ. ಮುದುಕಿಯ ಕಣ್ಣಿಗೂ ಪೊರೆ, ಮುದುಕಿಗೂ ಭಯ. ಇರಾವತಿ ಅವಳ ಕೈ ಹಿಡಿದುಕೊಂಡು ಹೇಳಿದಳಂತೆ, ಕಣ್ಣೊಳಗೆ ಮಸುಕಾದ ಗಾಜೊಂದು ಐತಿ, ಅದನ್ನ ತೆಗೆದು ಹೊಸ ಗಾಜು ಕೂರಿಸ್ತೀವಿ, ಅಷ್ಟೇ ಅಂತ.

"ವಿಭೂತಿ?" ಅಂತ ಅಜ್ಜಿ ಥಟ್ಟನೆ ಕೇಳಿದಳು.

"ಅದನ್ನೂ ಹೇಳಿದ್ಲಜ್ಜಿ. ಹಣಿ ಬಿಟ್ಟು ತೋಳಿಗೆ ಹಚ್ಕೊಳ್ರಿ ಅಂದ್ಲು. ಶಿವ ಏನು ಹಣಿ ಅಳತಿ ತಗೊಳ್ಳಾಕ ಬರ್ತಾನೇನ್ರಿ, ಅಂದ್ಲು."

ಅಜ್ಜಿ ತನ್ನ ತೋಳನ್ನು ತಡವಿ ನೋಡಿಕೊಂಡಳು. ಮರುದಿನ ಬೆಳಿಗ್ಗೆ ಅಪ್ಪನನ್ನು ಕರೆದು, ಬಳ್ಳಾರಿಗೆ ಯಾವತ್ತು ಹೋಗೋದು ಅಂತ ಕೇಳಿದಳು. ಅಪ್ಪನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

ಸ್ವಪ್ನಾ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಕುಣಿದಳು. ಕುಣಿಯುತ್ತ ಕುಣಿಯುತ್ತ ಅವಳಿಗೆ ಒಂದು ವಿಷಯ ಹೊಳೆಯಿತು. ಕಣ್ಣು ಬಂದರೆ ಅಜ್ಜಿ ಟಿವಿ ನೋಡುತ್ತಾಳೆ. ಟಿವಿಯಲ್ಲಿ ಇರಾವತಿ ಇಲ್ಲ. ಕುಣಿತ ಅಲ್ಲಿಗೆ ನಿಂತಿತು.

ಈಗ, ಈರುಳ್ಳಿ ಹೆಚ್ಚುವ ಈ ಶುಕ್ರವಾರಕ್ಕೆ ಬಂದರೆ, ಆಪರೇಶನ್‌ಗೆ ಉಳಿದಿದ್ದು ಮೂರೇ ದಿನ. ಸೋಮವಾರ ಬಳ್ಳಾರಿ. ಸೀರಿಯಲ್ಲು ಮುಗಿದು ಜಾಹೀರಾತು ಬಂತು. ಹುಡುಗನ ಎದೆಯ ಬಾಗಿಲ ಹತ್ತಿರ ಇರಾವತಿ ನಿಂತಿದ್ದಾಳೆ, ಬಾಗಿಲು ಒಳಗಿನಿಂದ ಬಿಗಿದುಕೊಂಡಿದೆ, ಮುಂದಿನದು ಮುಂದೆ ಅಂತ ಸ್ವಪ್ನಾ ಮುಗಿಸಿದಳು.

"ಹುಡುಗ ಉಳೀತಾನಲ್ಲ?" ಅಂತ ಅಜ್ಜಿ ಕೇಳಿದಳು.

ಸ್ವಪ್ನಾ ಟಿವಿಯಲ್ಲಿ ಬಂದ ಸಾಲನ್ನು ಓದುತ್ತಿದ್ದಳು. ಚುಕ್ಕಿ ಆಸ್ಪತ್ರೆ, ಕೊನೆಯ ವಾರ, ಬರುವ ಶುಕ್ರವಾರ ಮುಕ್ತಾಯ. ಅವಳು ಬೆರಳು ಮಡಚಿ ಎಣಿಸಿದಳು. ಸೋಮವಾರ ಆಪರೇಶನ್, ಮಂಗಳವಾರ ಅಜ್ಜಿ ವಾಪಸು. ಮಂಗಳ, ಬುಧ, ಗುರು, ಶುಕ್ರ, ಈ ನಾಲ್ಕು ಸಂಜೆ ದಾಟಿಬಿಟ್ಟರೆ ಸಾಕು. ಆಮೇಲೆ ಇರಾವತಿ ಎಲ್ಲಿ ಅಂತ ಕೇಳಿದರೆ, ಸೀರಿಯಲ್ಲು ಮುಗೀತು ಅಂತ ಹೇಳಬಹುದು.

ಆದರೆ ಒಳಗೊಳಗೆ ಕಸಿವಿಸಿ. ಶನಿವಾರ ಹೇಳಿಬಿಡೋಣ ಅಂತ ಅಜ್ಜಿಯ ಹತ್ತಿರ ಹೋದಳು, ಅಜ್ಜಿ ಬಳ್ಳಾರಿಗೆ ಒಯ್ಯುವ ಸೀರೆ ಮಡಚುತ್ತಿದ್ದಳು, ವಾಪಸು ಬಂದಳು. ಭಾನುವಾರ ಮತ್ತೆ ಹೋದಳು. ಅಜ್ಜಿ ವಿಭೂತಿ ಗಟ್ಟಿಯನ್ನು ಕಾಗದದಲ್ಲಿ ಸುತ್ತಿ, ತೋಳಿಗೆ ಹಚ್ಚಿಕೊಳ್ಳಲು ಬೇಕು ಅಂತ ಚೀಲದೊಳಗೆ ಇಡುತ್ತಿದ್ದಳು. ಈಗ ಹೇಳಿದರೆ ಅಜ್ಜಿ ಚೀಲ ಬಿಚ್ಚಿಬಿಡುತ್ತಾಳೆ. ಹೇಳದಿದ್ದರೆ ಸುಳ್ಳು ಹಾಗೇ ಉಳಿಯುತ್ತದೆ. ಸ್ವಪ್ನಾ ಮನೆಯೊಳಗೆ ಸುಮ್ಮನೆ ಅತ್ತಿಂದಿತ್ತ ಓಡಾಡಿದಳು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಅಂತ ಅಮ್ಮ ಕೇಳಿದಳು.

ಸೋಮವಾರ ಅಪ್ಪ ಅಜ್ಜಿಯನ್ನು ಕರೆದುಕೊಂಡು ಹೋದ. ಸ್ಕೂಲಿನಲ್ಲಿ ಟೀಚರು ಕನ್ನಡ ಪುಸ್ತಕ ತೆಗಿ ಅಂದರೆ ಸ್ವಪ್ನಾ ಲೆಕ್ಕದ ಪುಸ್ತಕ ತೆಗೆದಳು. ಉಷಾಳ ಹತ್ತಿರ ಗುಟ್ಟಾಗಿ ಎಲ್ಲ ಹೇಳಿಕೊಂಡಾಗ ಅವಳು, "ರಿಮೋಟ್ ಸೆಲ್ ತೆಗೆದಿಡು. ಸಿಂಪಲ್," ಅಂದಳು.

ಅದು ಸಿಂಪಲ್ಲೇ ಆಗಿತ್ತು. ಅವರ ಟಿವಿಯ ಗುಂಡಿ ಕೆಟ್ಟು ಹೋಗಿತ್ತು, ರಿಮೋಟ್ ಇಲ್ಲದೆ ಅದು ಆನ್ ಆಗುತ್ತಿರಲಿಲ್ಲ. ಮಂಗಳವಾರ ಸ್ಕೂಲಿನಿಂದ ಬಂದವಳೇ ರಿಮೋಟಿನ ಎರಡು ಸೆಲ್ ತೆಗೆದು ಜಾಮಿಟ್ರಿ ಬಾಕ್ಸಿನಲ್ಲಿ ಹಾಕಿ ಮುಚ್ಚಿದಳು.

ಆಟೋ ಬಂದು ನಿಂತಿತು. ಅಜ್ಜಿ ಕರೀ ಕನ್ನಡಕ ಹಾಕಿಕೊಂಡು ಇಳಿದಳು. ಇಳಿದವಳು ಮನೆಯೊಳಗೆ ಬರಲಿಲ್ಲ. ಓಣಿಯ ತುದಿಯಲ್ಲಿ ಕಾಣುವ ಗುಡ್ಡದ ಕಡೆ ತಿರುಗಿ, ಕನ್ನಡಕ ಸ್ವಲ್ಪ ಕೆಳಗೆ ಮಾಡಿ, ಕೋಟೆಯ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಕಲ್ಲು ಕಲ್ಲೂ ಕಾಣ್ತೈತಿ ಅಂತ ಆಟೋದವನಿಗೇ ಹೇಳಿದಳು. ಆಮೇಲೆ ಸ್ವಪ್ನಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗದ್ದದ ಮ್ಯಾಲ ಈ ಗಾಯ ಯಾವಾಗ ಆತು?"

"ಉಗಾದಿ ಟೈಮಿಗೆ. ಸೈಕಲ್ ಮ್ಯಾಲಿಂದ ಬಿದ್ದಿದ್ದೆ."

"ನನಗ ಯಾರೂ ಹೇಳಲೇ ಇಲ್ಲ," ಅಂದಳು ಅಜ್ಜಿ. ಆ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಆ ಸಂಜೆ ಅಜ್ಜಿ ದಣಿದು ಬೇಗ ಮಲಗಿದಳು. ಅಪ್ಪ ಬಳ್ಳಾರಿಯ ಕತೆ ಹೇಳಿದ. ಒಳಗೆ ಕರೆದಾಗ ಅಜ್ಜಿ ಒಂದು ಚೂರೂ ಹೆದರಲಿಲ್ಲವಂತೆ. ನಮ್ಮ ಡಾಕ್ಟರಮ್ಮ ಎಲ್ಲ ಹೇಳ್ಯಾಳ ಅಂತ ನರ್ಸ್‌ಗೇ ಧೈರ್ಯ ಹೇಳಿದಳಂತೆ. ಅಪ್ಪ ಅಮ್ಮ ಇಬ್ಬರೂ ನಕ್ಕರು. ಸ್ವಪ್ನಾ ನಗಲಿಲ್ಲ.

ಬುಧವಾರ ಆರಕ್ಕೆ ಅಪ್ಪ ರಿಮೋಟ್ ಒತ್ತಿದ, ಕುಟ್ಟಿದ, ಸೆಲ್ ಎಲ್ಲಿ ಹೋದವು ಅಂತ ಹುಡುಕಿದ. ಸ್ವಪ್ನಾ ಹೋಂವರ್ಕ್ ಮೇಲೆ ಬಗ್ಗಿ ಕೂತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಕ್ಕ ಬಂದಳು. ಹೊಲಿದ ಪ್ಯಾಂಟುಗಳ ಗಂಟನ್ನು ಕೆಲಸ ಕೊಟ್ಟ ಜೀನ್ಸ್ ಯೂನಿಟ್ಟಿಗೆ ಮುಟ್ಟಿಸುವವಳು ಅವಳೇ. ಅವಳೊಂದಿಗೆ ಮಾತಾಡಲಿಕ್ಕೆ ಮಿಷನ್ನುಗಳು ನಿಂತವು.

ದೊಡ್ಡಕ್ಕನ ಕಣ್ಣು ಮೊದಲು ಬಿದ್ದಿದ್ದು ಅಜ್ಜಿಯ ತೋಳಿನ ಮೇಲೆ. ಹಣೆ ಬರಿದು, ಎರಡೂ ತೋಳಿನ ಮೇಲೆ ಮೂರು ಮೂರು ವಿಭೂತಿ ಪಟ್ಟೆ. ಇದ್ಯಾವ ಹೊಸ ಪದ್ಧತಿ ಅಂತ ಕೇಳಿದಳು.

"ಡಾಕ್ಟರ್ ಇರಾವತಿ ಹಿಂಗಾ ಮಾಡ್ರಿ ಅಂತ ಹೇಳ್ಯಾಳ," ಅಂದಳು ಅಜ್ಜಿ, ಸ್ವಲ್ಪ ಜಂಬದಿಂದಲೇ. "ಚುಕ್ಕಿ ಆಸ್ಪತ್ರಿಯಾಕಿ."

"ಯಾವ ಇರಾವತಿರಿ? ಆಕಿ ಬಿಟ್ಟುಹೋಗಿ ಎರಡು ತಿಂಗಳಾತು. ಈಗಿರಾಕಿ ಬರೇ ಒಗ್ಗರಣಿ ಹಾಕ್ತಾಳ. ನಾವು ಅವಾಗಾ ನೋಡೋದು ಬಿಟ್ವಿ."

ಅಜ್ಜಿ ನಿಧಾನಕ್ಕೆ ತಲೆ ತಿರುಗಿಸಿದಳು. ಕರೀ ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಆ ಕಣ್ಣು ತನ್ನನ್ನೇ ನೋಡುತ್ತಿದೆ ಅಂತ ಸ್ವಪ್ನಾಳಿಗೆ ಗೊತ್ತಾಯಿತು.

"ಸೆಲ್ ಎಲ್ಲಿಟ್ಟಿ?" ಅಂತ ಅಜ್ಜಿ ಕೇಳಿದಳು.

ಸ್ವಪ್ನಾ ಜಾಮಿಟ್ರಿ ಬಾಕ್ಸ್ ತೆರೆದಳು. ಒಂದು ಸೆಲ್ ಉರುಳಿ ಮಿಷನ್ನಿನ ಕೆಳಗೆ ಹೋಯಿತು, ಅಪ್ಪ ಬಗ್ಗಿ ಎತ್ತಿಕೊಟ್ಟ. ಟಿವಿ ಹತ್ತಿತು. ಮಿಷನ್ನು ಓಡದಿರುವುದರಿಂದ ಪ್ರತಿ ಮಾತೂ ಕೇಳುತ್ತಿತ್ತು. ಉಗುರಿನ ಇರಾವತಿ, ಡಬ್ಬದ ಬಟನ್, ಅತ್ತೆ, ಸಾರು. ಅರ್ಧ ಗಂಟೆ ಅಜ್ಜಿ ಅಲುಗದೆ ನೋಡಿದಳು. ನಡುವೆ ಒಮ್ಮೆ ಮಾತ್ರ ಮುಂದಕ್ಕೆ ಬಾಗಿದಳು, ಯಾರನ್ನೋ ಹುಡುಕುವವಳ ಹಾಗೆ.

ಮುಗಿದ ಮೇಲೆ ಅಜ್ಜಿ ಕೇಳಿದ್ದು ಇಷ್ಟು. "ಕಣ್ಣಿನ ಮಾತು, ವಿಭೂತಿ ಮಾತು, ಅವು ಯಾರವು?"

"ನನ್ನವು," ಅಂದಳು ಸ್ವಪ್ನಾ.

"ನಾನು ಎದಿ ಗಟ್ಟಿ ಮಾಡ್ಕೊಂಡಿದ್ದು ಆಕಿ ಮಾತಿಗೆ."

"ನಿನಗ ಕಣ್ಣು ಬರ್ಲಿ ಅಂತ ಹೇಳಿದೆ ಅಜ್ಜಿ..."

"ಬಂತಲ್ಲ. ಒಳ್ಳೇದಾತು." ಅಜ್ಜಿಯ ದನಿ ಗಟ್ಟಿಯಾಗಿರಲಿಲ್ಲ. "ಆದ್ರ ಕಾಣದಾಕಿಗೆ ಏನು ಹೇಳಿದ್ರೂ ನಡೀತೈತಿ ಅಂತ ತಿಳ್ಕೊಂಡೆಲ್ಲ. ಅದು ನನಗ ಸಂಕಟ ಆತು."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಬೈದಿದ್ದರೆ ಸ್ವಪ್ನಾ ವಾದ ಮಾಡುತ್ತಿದ್ದಳೋ ಏನೋ. ಬೈಯದೆ ಹೋದದ್ದಕ್ಕೆ ಅಳು ಬಂತು. ಅಮ್ಮ ಹತ್ತಿರ ಕರೆದು ಸೆರಗಿನಿಂದ ಮುಖ ಒರೆಸಿದಳು, ಆದರೆ ನೀನು ಮಾಡಿದ್ದು ಸರಿ ಅಂತ ಅವಳೂ ಹೇಳಲಿಲ್ಲ.

ಗುರುವಾರ ಅಜ್ಜಿ ಎಲ್ಲರ ಜೊತೆ ಮಾತಾಡಿದಳು. ಸ್ವಪ್ನಾಳ ಜೊತೆಗೂ ಮಾತಾಡಿದಳು, ಊಟ ಆತೇನು, ಜಡಿ ಹಾಕ್ಲೇನು ಅಂತ, ಅಷ್ಟೇ. ಕತೆ ಕೇಳಲಿಲ್ಲ. ಆರು ಗಂಟೆಗೆ ಬಾಗಿಲ ಹತ್ತಿರ ಕೂತು ಗುಡ್ಡ ನೋಡಿದಳು. ಅಮ್ಮ ಚೀಟಿ ತೆಗೆದು ಎಡಗಣ್ಣಿನ ತಾರೀಕು ಓದಿದಾಗ, "ನೋಡೋಣ ತಗಿ," ಅಂದಳು. ಯಾವುದಕ್ಕಾದರೂ ಆಗಲ್ಲ ಅನ್ನುವ ಮೊದಲು ಅಜ್ಜಿ ಹೇಳುತ್ತಿದ್ದುದು ಅದೇ ಮಾತು.

ಸ್ವಪ್ನಾಳಿಗೆ ಊಟ ಇಳಿಯಲಿಲ್ಲ. ಇನ್ನೊಂದು ಕಣ್ಣು ಹಾಗೇ ಉಳಿದುಬಿಟ್ಟರೆ? ಒಪ್ಪಿಸಲು ಈಗ ಇರಾವತಿಯೂ ಇಲ್ಲ. ಯಾರ ಬಾಯಿಂದ ಹೇಳಿಸುವುದು? ಮನೆಯಿಂದ ಅಂಗಳಕ್ಕೆ, ಅಂಗಳದಿಂದ ಮನೆಗೆ ನಡೆದೇ ನಡೆದಳು. ಆಸ್ಪತ್ರೆಗೆ ಹೊಸ ಡಾಕ್ಟರು ಬಂದರೆ ಹೇಗೆ, ದೊಡ್ಡ ಡಾಕ್ಟರು ತಾತ ವಾಪಸು ಬಂದರೆ ಹೇಗೆ ಅಂತ ಯೋಚನೆ ಓಡಿತು. ಓಡಿದ ಯೋಚನೆಯನ್ನು ತಾನೇ ಹಿಡಿದು ನಿಲ್ಲಿಸಿದಳು. ಮತ್ತೆ ಅದೇ ದಾರಿ ಹಿಡಿಯುತ್ತಿದ್ದೇನಲ್ಲ ಅಂತ ನಾಚಿಕೆಯಾಯಿತು.

ಶುಕ್ರವಾರ ಕೊನೆಯ ಸಂಚಿಕೆ. ಶನಿವಾರ ಬೆಳಿಗ್ಗೆ ಪ್ಯಾಂಟುಗಳು ಹೋಗಬೇಕಿತ್ತು, ಅದಕ್ಕೆ ಎರಡೂ ಮಿಷನ್ನು ಜೋರಾಗಿ ಓಡುತ್ತಿದ್ದವು. ಆರಕ್ಕೆ ಅಜ್ಜಿ ತಾನಾಗಿಯೇ ಬಂದು ಚಾಪೆ ಮೇಲೆ ಕೂತಳು. ಸ್ವಪ್ನಾ ಹತ್ತಿರ ಹೋಗಲಿಲ್ಲ, ಹೊಸ್ತಿಲ ಮೇಲೆ ಕೂತಳು.

ಟಿವಿಯಲ್ಲಿ ಆಸ್ಪತ್ರೆಗೆ ಬೀಗ ಹಾಕುತ್ತಿದ್ದರು. ರೋಗಿಗಳಿಲ್ಲದ ಮಂಚಗಳು, ಅಳುತ್ತಿರುವ ಅತ್ತೆ, ಕೈ ಹಿಡಿದ ಸೊಸೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡಳು, ಕತ್ತು ಚಾಚಿದಳು, ಕಿವಿಯ ಹಿಂದೆ ಅಂಗೈ ಇಟ್ಟಳು. ಎಲ್ಲ ಚೊಕ್ಕ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿ ಹೊಸ್ತಿಲ ಕಡೆ ತಿರುಗಿದಳು. "ಬಾಯಿ ಆಡ್ಸಾಕತ್ತಾರ. ಏನಂತಾರ?"

ಸ್ವಪ್ನಾ ಎದ್ದು ಬಂದಳು. ಟಿವಿಗೆ ಕಿವಿ ಹಚ್ಚಿ ಕೇಳಿದಳು. ಬಾಯಿಗೆ ಚೆಂದದ ಮಾತು ಬಂತು, ಬಂದದ್ದನ್ನು ನುಂಗಿದಳು.

"ನಿಮ್ಮ ಕೈ ಸಾರಿನ ರುಚಿ ನನಗೆ ಬರಲ್ಲ ಅತ್ತೆ, ಅಂತಾಳ."

"ಮತ್ತ?"

"ಅತ್ತಿ ಅಂತಾಳ, ನೀನೇ ನನ್ನ ಮಗಳು ಅಂತ."

"ಮತ್ತ?"

"ಅಷ್ಟಾ ಅಜ್ಜಿ. ಮುಗೀತು."

ಟಿವಿಯಲ್ಲಿ ಹೆಸರುಗಳ ಪಟ್ಟಿ ಓಡಿತು. ಆಕಾಶದಲ್ಲಿ ತೇಲುತ್ತಿದ್ದ ಆಸ್ಪತ್ರೆಯ ದೀಪ ಒಂದೊಂದೇ ಆರಿ, ಅದರ ಮೇಲೆ ಸೋಪಿನ ಜಾಹೀರಾತು ಬಂತು. ಇಷ್ಟೇನಾ ಅಂತ ಅಜ್ಜಿ ತುಟಿ ಸೊಟ್ಟ ಮಾಡಿದಳು. ಆಮೇಲೆ ಏನೋ ನೆನಪಾದವಳಂತೆ ಸ್ವಪ್ನಾಳ ಕಡೆ ಬಾಗಿದಳು.

"ಆ ಹುಡುಗ? ಎದಿ ಬಾಗಿಲಾ ತೆಗೀಲಿಲ್ಲ ಅಂದಿದ್ದೆಲ್ಲ, ಅವನೇನಾದ?"

"ಆ ಹುಡುಗ ಟಿವಿಯಾಗ ಇಲ್ಲಜ್ಜಿ. ಅವನು ನನ್ನೋನು. ನಾನಾ ಮಾಡಿದ್ದು."

"ಅದು ಗೊತ್ತಾತು. ಉಳದನೋ ಇಲ್ಲೋ? ಬಳ್ಳಾರಿಯಾಗ ಮಲಗಿದಾಗೂ ಅವಂದಾ ಚಿಂತಿ ನನಗ."

ಸ್ವಪ್ನಾ ಅಜ್ಜಿಯ ಮುಂದೆ ಕೂತಳು. ಹೇಳುವ ಮೊದಲು ಇನ್ನೊಂದು ಹೇಳಬೇಕಿತ್ತು. ಅದನ್ನು ಇರಾವತಿ ಹೇಳುವ ಹಾಗಿರಲಿಲ್ಲ, ಬಟನ್ ಹೇಳುವ ಹಾಗೂ ಇರಲಿಲ್ಲ.

"ಅಜ್ಜಿ, ಇದು ಕತಿ ಅಲ್ಲ. ನಾನಾ ಹೇಳಾಕತ್ತೀನಿ. ಎಡಗಣ್ಣಿಗೂ ಹೋಗೋಣ. ನನಗೂ ಹೆದರಿಕಿ ಆಗ್ತೈತಿ, ಆದ್ರೂ ನಿನ್ನ ಜೊತಿ ಬರ್ತೀನಿ."

ಅಜ್ಜಿ ಅವಳ ಗದ್ದದ ಗಾಯವನ್ನು ನೋಡಿದಳು. ಅಮ್ಮನ ಮಿಷನ್ನು ನಿಂತಿತು, ಕೇಳಿಸಿಕೊಳ್ಳಲಿಕ್ಕೇ ನಿಂತಿತು ಅಂತ ಕಾಣುತ್ತದೆ.

"ಹಂಗಾದ್ರ ಅವತ್ತು ಸಾಲಿಗೆ ರಜಾ ಹಾಕು," ಅಂದಳು ಅಜ್ಜಿ. "ಈಗ ಹುಡುಗನ ಕತಿ ಹೇಳು."

ಅವಳು ಚಾಪೆಯ ಮೇಲೆ ಪೂರ್ತಿ ತಿರುಗಿ ಕೂತಳು. ಟಿವಿಗೆ ಬೆನ್ನು, ಸ್ವಪ್ನಾಳಿಗೆ ಮುಖ. ಕನ್ನಡಕ ಸ್ವಲ್ಪ ಕೆಳಗೆ ಸರಿಸಿದಳು. ಹೊಸ ಗಾಜು ಕೂರಿಸಿದ ಕಣ್ಣು ಮಿಟುಕದೆ ಸ್ವಪ್ನಾಳನ್ನೇ ನೋಡುತ್ತಿತ್ತು.

ಇಷ್ಟು ದಿನ ಸ್ವಪ್ನಾ ಅಜ್ಜಿಯ ಕಿವಿಗೆ ಹೇಳಿದ್ದಳು. ಕಣ್ಣೆದುರು ಕೂತು ಹೇಳುವುದು ಇದೇ ಮೊದಲು. ಏನು ಮುಚ್ಚಿಟ್ಟರೂ ಮುಖದ ಮೇಲೆ ಕಾಣುತ್ತದೆ ಅಂತ ಅವಳಿಗೆ ಅನ್ನಿಸಿತು. ಮುಚ್ಚಿಡುವುದು ಏನೂ ಉಳಿದಿಲ್ಲ ಅಂತಲೂ ಅನ್ನಿಸಿತು.

"ಟಿವಿದು ಮುಗೀತಲ್ಲಜ್ಜಿ," ಅಂತ ಶುರು ಮಾಡಿದಳು. "ಇಲ್ಲಿಂದ ಮುಂದ ನಂದು. ಇರಾವತಿ ಬಾಗಿಲಾ ಬಡದ್ಲು. ಒಳಗಿಂದ ಆ ಹುಡುಗ, ಯಾರು ಅಂದ."

"ಆಕಿ ಏನಂದ್ಲು?" ಅಂತ ಅಜ್ಜಿ ಮೊಣಕೈಯಿಂದ ತಿವಿದಳು.